ಚಿಗವ್ವನ ವಯೋಮಿಂಗ್ ಕಂಪನಿ

ನಮ್ಮ ಚಿಗವ್ವ ಅಮೆರಿಕದಲ್ಲಿ ಒಂದು ಕಂಪನಿಯ ಮಾಲಕಿ. ನಗಬೇಡಿ! ಬಸವನ ಬಾಗೇವಾಡಿಯಲ್ಲಿರುವ, ಇಲ್ಲಿಯತನಕ ಸೊಲ್ಲಾಪುರದ ಆಚೆ ಕಾಲಿಡದ, ವಿಮಾನದ ಸಪ್ಪಳ ಕೇಳಿದರೆ ಈಗಲೂ ಅಂಗಳಕ್ಕೆ ಓಡಿಬಂದು ಹಣೆಗೆ ಕೈ ಅಡ್ಡ ಹಿಡಿದು ನೋಡುವ ಅದೇ ಚಿಗವ್ವ. ವಯೋಮಿಂಗ್ ಎಂಬ ರಾಜ್ಯದ ಸರ್ಕಾರ ಆಕೆಯ ಕಂಪನಿಗೆ ಮೊಹರು ಒತ್ತಿ ಪ್ರಮಾಣಪತ್ರ ಕೊಟ್ಟಿದೆ. ಆಕೆ ಅದಕ್ಕೆ ಕಟ್ಟು ಹಾಕಿಸಿ ದೇವರ ಜಗುಲಿಯ ಮೇಲೆ ಕೂರಿಸಿದ್ದಾಳೆ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಅದಕ್ಕೆ ವಿಭೂತಿ, ಕುಂಕುಮ ಎರಡೂ ಸಲ್ಲುತ್ತವೆ. ವಯೋಮಿಂಗಿನ ಮೊಹರು ಈಗ ಕುಂಕುಮದಲ್ಲಿ ಅರ್ಧ ಮುಚ್ಚಿಹೋಗಿದೆ. ಆ ರಾಜ್ಯದ ಅಧಿಕಾರಿಗಳು ಯಾರಾದರೂ ತಪಾಸಣೆಗೆ ಬಂದರೆ ಕಾಯಿ ಒಡೆಸಿಕೊಂಡು ಹೋಗಬೇಕು, ಅಷ್ಟೇ!

ಚಿಗವ್ವ ಅಂದರೆ ನಮ್ಮವ್ವನ ತಂಗಿ. ಮಸೂತಿಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಹಠ ಆಕೆಗೆ ಹುಟ್ಟಿನಿಂದ ಬಂದದ್ದೋ, ಶಾಲೆಯಲ್ಲಿ ಬೆಳೆದದ್ದೋ ಗೊತ್ತಿಲ್ಲ. ಹಿಂದಿನ ಬೆಂಚಿನ ಕೊನೆಯ ಹುಡುಗನಿಗೆ ಮಗ್ಗಿ ಬಾಯಿಪಾಠ ಆಗುವತನಕ ಶಾಲೆ ಬಿಡುವ ಗಂಟೆ ಬಾರಿಸಲು ಬಿಡುತ್ತಿರಲಿಲ್ಲವಂತೆ. ಊರಿನ ಎಮ್ಮೆಗಳು ಮೇಯ್ದು ಮನೆಗೆ ಬಂದರೂ ಮಕ್ಕಳು ಬಂದಿಲ್ಲ ಎಂದು ತಂದೆತಾಯಿ ಶಾಲೆಗೆ ಬಂದರೆ, ಅವರನ್ನೂ ಕೂರಿಸಿ ಮಗ್ಗಿ ಕೇಳುತ್ತಿದ್ದಳಂತೆ! ಇಂಥವಳು ಕಂಪನಿ ಮಾಡುತ್ತೇನೆಂದು ಹೊರಟರೆ ಅಮೆರಿಕ ಏನು ಮಾಡೀತು?

ಮಸೂತಿಯಲ್ಲಿ ಆಕೆಯ ಬಾಡಿಗೆ ಮನೆಯ ಗೋಡೆಗೆ ಗೋಡೆ ಹಚ್ಚಿ ಒಬ್ಬರ ಮನೆಯಿತ್ತು. ಚಿಗವ್ವ ಅವರನ್ನು 'ಆಪಾ', ಅಂದರೆ ಅಕ್ಕಾ, ಅನ್ನುತ್ತಿದ್ದಳು. ಟೀಚರ್ ಅಂದದ್ದಕ್ಕೆ ಊರೂ ಆಪಾ ಅಂದಿತು. ಆಪಾ ಮಾತ್ರ ಆಕೆಯನ್ನು, ನಮ್ಮ ಕಡೆ ಟೀಚರಿಗನ್ನುವ ಹಾಗೆ, 'ಅಕ್ಕೋರ' ಅನ್ನುತ್ತಿದ್ದರು. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದನ್ನು ಚಿಗವ್ವನಿಗೆ ಕಲಿಸಿದವರು ಅವರೇ. ಶಾಲೆ ಬಿಟ್ಟ ಮೇಲೆ ಇಬ್ಬರೂ ಬೇವಿನ ಗಿಡದ ಕೆಳಗೆ ಕೌದಿಯ ಎರಡು ತುದಿ ಹಿಡಿದು ಕೂತರೆ ನಡುವೆ ಬಂದು ಸೂಜಿಗಳು ಕೂಡುವತನಕ ಏಳುತ್ತಿರಲಿಲ್ಲ. ಜಗಳವೂ ಅಲ್ಲೇ, ನಗುವೂ ಅಲ್ಲೇ.

ಆಮೇಲೆ ಆಪಾ ಅವರ ಕಣ್ಣು ಹೋಯಿತು. ಸಕ್ಕರೆ ಕಾಯಿಲೆ. ವಿಜಯಪುರದ ಡಾಕ್ಟರು ಆಪರೇಷನ್‌ನಿಂದ ಆಗುವುದಲ್ಲ ಎಂದು ಕೈಚೆಲ್ಲಿದರು. ಅವರು ಸಿಂದಗಿಗೆ ಮಗಳ ಮನೆಗೆ ಹೋಗಿ ಉಳಿದರು. ಕೌದಿ ಮಾರಿದಾಗಲೆಲ್ಲ ಚಿಗವ್ವ ಅರ್ಧ ಹಣ ಒಯ್ದು ಕೊಟ್ಟರೆ ಆಪಾ ಮುಟ್ಟಲಿಲ್ಲ. "ದುಡೀಲಾರದ್ದು ತಿನ್ನಂಗಿಲ್ರಿ ಅಕ್ಕೋರ" ಎಂಬುದೊಂದೇ ಮಾತು. ಒಮ್ಮೆ ಚಿಗವ್ವ ಜೋಳದ ಚೀಲದ ತಳದಲ್ಲಿ ಹಣವಿಟ್ಟು ಕಳಿಸಿದಳು. ಆಪಾ ಜೋಳ ಬೀಸಿಸಿ, ರೊಟ್ಟಿ ಮಾಡಿಸಿ, ಆ ರೊಟ್ಟಿಗಳ ನಡುವೆ ಅದೇ ಹಣವಿಟ್ಟು ಬಸ್ ಕಂಡಕ್ಟರನ ಕೈಯಲ್ಲಿ ತಿರುಗಿ ಕಳಿಸಿದರು. ಹಠಕ್ಕೆ ಹಠ!

ಅದಾದ ಮರುವಾರವೇ ಚಿಗವ್ವ ಇಂಡಿಗೆ ಬಂದಳು. ನಾನು ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರಿಗಳಿಗೆ ತೆರಿಗೆ ಲೆಕ್ಕ ಬರೆದುಕೊಟ್ಟು ಹೊಟ್ಟೆ ಹೊರೆಯುವವ. ಆಫೀಸಿನಲ್ಲಿ ಕಾದು ಕೂತಿದ್ದ ನಾಲ್ಕು ಜನರನ್ನು ದಾಟಿ ಬಂದು ನನ್ನೆದುರು ಕೂತಳು.

"ತಮ್ಮಾ, ದುಡೀಲಾರದ ಪಾಲು ಬರೂ ಹಾದಿ ಯಾವುದೈತಿ ಹೇಳು."

"ರಾಜಕಾರಣ" ಅಂದೆ.

"ಮರ್ಯಾದಸ್ತರ ಹಾದಿ ಕೇಳಾಕತ್ತೇನಿ!"

"ಹಂಗಾರ ಕಂಪನಿ, ಚಿಗವ್ವಾ. ಅದರಾಗ ಮಾಲಕರಾದ್ರ ಮುಗೀತು. ದುಡೀಲಿ, ಬಿಡ್ಲಿ, ಲಾಭದಾಗ ಪಾಲು ಬರ್ತೈತಿ. ಕೂಲಿ ದುಡದವ್ರಿಗೆ, ಪಾಲು ಮಾಲಕರಿಗೆ."

ಆಕೆಯ ಮುಖ ಅರಳಿತು. ನಾನು ಹಾಳೆ ತೆಗೆದು, "ಬಾಗೇವಾಡ್ಯಾಗ ಒಂದು ಸಣ್ಣ ಪಾಲುದಾರಿ ಫರ್ಮ್ ಮಾಡೂಣು" ಅಂದೆ. ಆಕೆ ಹಣೆ ಬಡಿದುಕೊಂಡಳು.

"ಬಾಗೇವಾಡಿ ಫರ್ಮ್ ಅಂದ್ರ ರೊಕ್ಕಾ ಕೊಡಾಕಿ ನಾನೇ ಅಂತ ಆಪಾಗ ತಿಳಿಯಂಗಿಲ್ಲೇನೋ? ದೂರಿಂದು ಆಗಬೇಕು. ಅಲ್ಲೀ ಕಾಯ್ದೆ ಅಂದ್ರ ಆಕಿ ಅಂಜಬೇಕು. ಕೌದಿ ಕೇಳಾಕತ್ತವ್ರೂ ಅಮೆರಿಕಾದವ್ರೇ ಅದಾರ. ಅಲ್ಲೇ ಮಾಡು."

ಅದೂ ನಿಜವೇ. ಗೋಳಗುಮ್ಮಟ ನೋಡಲು ಬಂದ ಒಬ್ಬ ಅಮೆರಿಕದ ಹೆಣ್ಣುಮಗಳು ಹೇಗೋ ಚಿಗವ್ವನ ಕೌದಿ ಕೊಂಡುಹೋಗಿದ್ದಳು. ಈಗ ಆಕೆಯ ಗೆಳತಿಯರೆಲ್ಲ ಕೇಳುತ್ತಿದ್ದರು. ಅವರು ಸಾಮಾನು ಕೊಳ್ಳುವ ಜಾಲತಾಣದವರು ಅಲ್ಲಿಯದೇ ಕಂಪನಿಯಿದ್ದರೆ ಹಣ ಕೊಡುವುದು ಸುಲಭ ಅಂದಿದ್ದರು. ನಮ್ಮ ಕಡೆಯ ನಿಯಮಗಳಿಗೆ ವಿಜಯಪುರದ ಒಬ್ಬ ಲೆಕ್ಕಪರಿಶೋಧಕರನ್ನು ಹಿಡಿದುಕೊಂಡೆ. ಉಳಿದದ್ದಕ್ಕೆ ನಾನು, ನನ್ನ ಇಂಟರ್ನೆಟ್ಟು, ನನ್ನ ಹಣೆಬರಹ!

ಮೊದಲು ರಾಜ್ಯ ಆರಿಸಬೇಕು. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಚಿಗವ್ವ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಂತೆ ನೋಡಿದಳು. ಡೆಲಾವೇರ್ ದೊಡ್ಡ ದೊಡ್ಡ ಕಂಪನಿಗಳೆಲ್ಲ ಇರುವ ರಾಜ್ಯ ಅಂದೆ. "ದೊಡ್ಡವರ ಮದಿವ್ಯಾಗ ನಮ್ಮನ್ನ ಕಡೀ ಪಂಕ್ತಿಗೆ ಕುಂಡ್ರಸ್ತಾರ. ಬ್ಯಾಡ." ವಯೋಮಿಂಗ್‌ನಲ್ಲಿ ಫೀ ಕಡಿಮೆ, ಜನ ಕಡಿಮೆ, ದನಕರು ಹೆಚ್ಚು, ಗಾಳಿ ಜೋರು ಅಂದೆ. "ದನಾ ಸಾಕೂ ಮಂದಿ ಸಂಭಾವಿತರಿರ್ತಾರ. ಅದನ್ನ ಹಿಡಿ" ಅಂದಳು. ಒಂದು ರಾಜ್ಯದ ಆಯ್ಕೆ ಇಷ್ಟು ಬೇಗ ಮುಗಿದದ್ದನ್ನು ನಾನಂತೂ ಕೇಳಿಲ್ಲ.

ಹೆಸರು 'ಎರಡು ಸೂಜಿ'. ಹೆಸರಿನ ಕೊನೆಗೆ ಎಲ್‌ಎಲ್‌ಸಿ ಎಂದು ಸೇರಿಸಲೇಬೇಕು, ಹಾಗಂದರೆ ಮಾಲಕರ ಹೊಣೆಗೆ ಮಿತಿಯಿದೆ, ಕಂಪನಿ ಮುಳುಗಿದರೂ ಮನೆ ಹೊಲ ಮುಟ್ಟುವಂತಿಲ್ಲ ಎಂದು ತಿಳಿಸಿ ಹೇಳಿದೆ. ಆಕೆ ಬೆರಗಾಗಿ, "ಹೊಣಿಗೆ ಮಿತಿ ಹಾಕ್ಕೊಂಡು ಬದುಕೂ ಮಂದಿನೂ ಅದಾರೇನು ಜಗತ್ತಿನಾಗ!" ಅಂದಳು.

ಮುಂದಿನದು ಏಜೆಂಟ್. ಕಂಪನಿಗೆ ಬರುವ ಸರ್ಕಾರಿ ಕಾಗದಪತ್ರ ಇಸಿದುಕೊಳ್ಳಲು ಆ ರಾಜ್ಯದಲ್ಲೇ ವಿಳಾಸವಿರುವ ಒಬ್ಬರನ್ನು ನೇಮಿಸಬೇಕು. ವರ್ಷಕ್ಕಿಷ್ಟು ಎಂದು ಹಣ ಪಡೆದು ಈ ಕೆಲಸ ಮಾಡುವ ಆಫೀಸುಗಳಿವೆ. ನಾನು ಒಂದನ್ನು ಹುಡುಕಿದೆ. ಚಿಗವ್ವ ಒಪ್ಪಬೇಕಲ್ಲ?

"ಮನಿತನ ಯಾವುದು? ನಮ್ಮ ಕಾಗದ ಇಸಗೊಳ್ಳಾವ್ರು ಅಂದ್ರ ನಮ್ಮ ಬಾಗಲದಾಗ ನಿಂತಂಗ. ಮುಖ ನೋಡ್ಲಾರದ ಹೆಂಗ ನಿಲ್ಲಸ್ಲಿ?"

ವಿಡಿಯೋ ಕರೆ ಮಾಡಿಸಿದೆ. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಒಬ್ಬ ಹೆಣ್ಣುಮಗಳು ದೊಡ್ಡ ಕಾಫಿ ಕಪ್ಪು ಹಿಡಿದು ಆಕಳಿಸುತ್ತ ಕಾಣಿಸಿದಳು. ಚಿಗವ್ವ ತನ್ನ ಎಲ್ಲ ಇಂಗ್ಲಿಷನ್ನೂ ಒಟ್ಟುಗೂಡಿಸಿ, "ಫುಡ್ ಫಿನಿಶ್?" ಎಂದು ಕೇಳಿದಳು. ಆಕೆ ಗಾಬರಿಯಾಗಿ ಕಪ್ಪು ತೋರಿಸಿದಳು. ಚಿಗವ್ವ ನನ್ನ ಕಡೆ ತಿರುಗಿ, "ಪಾಪ, ಬರೇ ಕಾಪಿ ಕುಡದು ಕೆಲಸಕ್ಕ ಬಂದಾಳ. ಇಂಥಾಕಿ ಮೋಸ ಮಾಡಂಗಿಲ್ಲ, ಕುದರಸು" ಅಂದಳು. ಆ ಹೆಣ್ಣುಮಗಳಿಗೆ ತಾನು ಒಂದು ಪರೀಕ್ಷೆಯಲ್ಲಿ ಪಾಸಾದದ್ದು ಇವತ್ತಿಗೂ ಗೊತ್ತಿಲ್ಲ.

ಇನ್ನು ಫ್ಯಾಕ್ಸಿನ ಕತೆ. ಕಂಪನಿಗೆ ಅಮೆರಿಕದ ತೆರಿಗೆ ಇಲಾಖೆಯಿಂದ ಒಂದು ಸಂಖ್ಯೆ ಬೇಕು. ನಮ್ಮಂಥ ಹೊರಗಿನವರು ಅರ್ಜಿಯನ್ನು ಫ್ಯಾಕ್ಸ್ ಮಾಡಿ ಅಂದರು. ಫ್ಯಾಕ್ಸ್! ಇಂಡಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಸಿಂದಗಿಯ ಝೆರಾಕ್ಸ್ ಅಂಗಡಿಯವ, "ನಮ್ಮಪ್ಪನ ಕಾಲದಾಗ ಇತ್ತ್ರಿ" ಎಂದು ಗೋಡೆಯ ಮೇಲಿನ ಅಪ್ಪನ ಫೋಟೋ ತೋರಿಸಿದ. ಕೊನೆಗೆ ಮುದ್ದೇಬಿಹಾಳದ ಅಡತಿ ಅಂಗಡಿಯೊಂದರಲ್ಲಿ ಸಿಕ್ಕಿತು. ಮೇಲೆ ಅರಿವೆ ಹೊದಿಸಿ, ಅದರ ಮೇಲೆ ತೊಗರಿಯ ಸ್ಯಾಂಪಲ್ ಪೊಟ್ಟಣಗಳನ್ನು ಪೇರಿಸಿಟ್ಟಿದ್ದರು. ತೊಗರಿ ಇಳಿಸಿ, ಧೂಳು ಜಾಡಿಸಿ, ಲೈನು ಹಚ್ಚಿದರೆ ಅದು ಹಳೇ ಗಾಣದ ಹಾಗೆ ಕಿರುಗುಟ್ಟಿತು. ಚಿಗವ್ವ ಕೈಮುಗಿದು ನಿಂತಳು.

"ಚಂದ್ರನ ಮ್ಯಾಲ ಹೋಗಿ ಬಂದ ಮಂದಿ ಇನ್ನೂ ಇದನ್ನ ಒಗದಿಲ್ಲ ಅಂದ್ರ ಅವರ ಮನ್ಯಾಗ ಯಾರೋ ಹಿರೇರು ಅದಾರ, ತಮ್ಮಾ. ಹಿರೇರಿದ್ದ ಮನಿಗೆ ಅಂಜೂ ಕಾರಣಿಲ್ಲ" ಅಂದಳು. ಇಂಟರ್ನೆಟ್ಟಿನಿಂದಲೇ ಫ್ಯಾಕ್ಸ್ ಕಳಿಸಬಹುದು ಎಂದು ನನಗೆ ಆಮೇಲೆ ಗೊತ್ತಾಯಿತು. ಆಕೆಗೆ ಹೇಳಿಲ್ಲ, ನೀವೂ ಹೇಳಬೇಡಿ.

ಕಂಪನಿಯ ಖಾತೆ ತೆರೆಯಲು ಮಾಲಕರಲ್ಲಿ ಒಬ್ಬರ ಪಾಸ್‌ಪೋರ್ಟ್ ಕೇಳಿದಾಗ ಮಾತ್ರ ಚಿಗವ್ವನ ಗರ್ವಭಂಗವಾಯಿತು. ಆಕೆಯ ಹತ್ತಿರ ಇರಲಿಲ್ಲ. ಆಪಾ ಹತ್ತಿರ ಇತ್ತು! ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೋಗಿಬಂದಿದ್ದರು. ಅದರ ಪ್ರತಿ ತರಲು, ಸಹಿ ಹಾಕಿಸಿಕೊಳ್ಳಲು ಸಿಂದಗಿಗೆ ಹೋದೆವು. ಆಪಾ ನೂರೆಂಟು ಪ್ರಶ್ನೆ ಕೇಳಿದರು. ಚಿಗವ್ವ ಒಂದೇ ಉತ್ತರ ಹಿಡಿದಿದ್ದಳು.

"ಕಲಿಸಿದಾಕಿ ಹೆಸರು ಹಾಕಲಿಲ್ಲಂದ್ರ ಅಮೆರಿಕಾದಾಗ ಅದು ಕಳುವಿನ ಮಾಲು ಆಗತೈತಿ, ಆಪಾ. ನನ್ನ ಕೋರ್ಟಿಗೆ ಎಳೀತಾರ. ಹಾಕ್ತಿ ಏನು, ನನ್ನ ಜೈಲಿಗೆ ಕಳಸ್ತಿ ಏನು?"

ಅಂಥ ಕಾಯ್ದೆ ವಯೋಮಿಂಗಿನಲ್ಲಿ ಇಲ್ಲ, ಭೂಮಿಯ ಮೇಲೆ ಎಲ್ಲೂ ಇಲ್ಲ. ಆಪಾ ಬೆರಳಿನಿಂದ ಹಾಳೆ ತಡವಿ, ನಾನು ಹಿಡಿದು ತೋರಿಸಿದ ಜಾಗದಲ್ಲಿ ಕನ್ನಡದಲ್ಲಿ ದುಂಡಗೆ ಸಹಿ ಹಾಕಿದರು. ಸದಸ್ಯರು ಇಬ್ಬರು, ಪಾಲು ಸರಿ ಅರ್ಧ. ಚಿಗವ್ವ ಹಬ್ಬಕ್ಕೆ ಮಕ್ಕಳಿಗೆ ಹೊಸ ಅಂಗಿ ತೊಡಿಸಿದವಳ ಹಾಗೆ ಬೀಗುತ್ತ ಬಸ್ಸು ಹತ್ತಿದಳು.

ಇಷ್ಟೆಲ್ಲ ಆಗಿ ಮೊದಲ ಕೌದಿಗಳ ಗಂಟು ಹೊರಟಿತು, ಅಮೆರಿಕದ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿತ್ತು! ಏಕೆಂದಿರಿ? ಕೌದಿ ಮುಗಿಯುವ ಮುನ್ನ ಅದರ ಹೊಟ್ಟೆ ತುಂಬಿಸಬೇಕು ಎಂಬುದು ಆಪಾ ಕಲಿಸಿದ ಪದ್ಧತಿ. ಒಂದು ಮೂಲೆ ಹೊಲಿಯದೆ ಬಿಟ್ಟು, ಒಳಗೆ ಚೂರು ಹೋಳಿಗೆ, ಚಿಟಿಕೆ ಅಕ್ಕಿ ಇಟ್ಟು ಮುಚ್ಚುವುದು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ವಾಸನೆ ಹಿಡಿಯುವ ಅಲ್ಲಿಯ ನಾಯಿಗೆ ಈ ಪದ್ಧತಿ ಯಾರು ಹೇಳಬೇಕು? ಅದು ಗಂಟಿನ ಮುಂದೆ ಕೂತುಬಿಟ್ಟಿತಂತೆ. ತಿನ್ನುವ ಪದಾರ್ಥ ಮುಚ್ಚಿಟ್ಟು ಕಳಿಸಿದ್ದೀರಿ, ವಿವರಣೆ ಕೊಡಿ ಎಂಬ ನೋಟೀಸು ಏಜೆಂಟ್ ವಿಳಾಸಕ್ಕೆ ಬಂತು. ಕಾಫಿ ಕಪ್ಪಿನ ಆ ಹೆಣ್ಣುಮಗಳು ಅದನ್ನು ನಮಗೆ ಕಳಿಸಿದಳು.

ಚಿಗವ್ವ ಅಂಜುವಳೇ? "ನಾಯಿ ಶಾಣ್ಯಾ ಐತಿ. ಬರಕೋ" ಎಂದು ವಿವರಣೆ ಹೇಳತೊಡಗಿದಳು. "ಸ್ವಾಮೇರ, ನೀವು ಹಸದ ಕೌದಿ ಹೊದ್ದು ಮಲಗಬಾರದಂತ ಇಟ್ಟೇವ್ರಿ. ನಮ್ಮದು ತಪ್ಪಾಗಿದ್ರ ಹೋಳಿಗಿ ತಗೊಂಡು ಕೌದಿ ಬಿಡ್ರಿ." ನಾನು ಅದನ್ನೇ ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಬರೆದೆ. ಕೌದಿಗಳು ಮಾತ್ರ ತಿರುಗಿ ಬಂದವು. ಕೊಂಡವರಿಗೆ ಬೇರೆ ಕಳಿಸಬೇಕು. ಹೊಟ್ಟೆ ತುಂಬಿಸದೆ ಕಳಿಸಲು ಚಿಗವ್ವ ಸುತರಾಂ ಒಲ್ಲೆ ಅಂದಳು. ಊಟ ಬಿಟ್ಟು ಕೂತಳು. ಕೊನೆಗೆ ನಾನೇ ಆಪಾಗೆ ಫೋನು ಹಚ್ಚಿಕೊಟ್ಟೆ.

ಅತ್ತ ಕಡೆಯಿಂದ ಆಪಾ, "ಹೋಳಿಗಿ ಆಕಾರದ ಅರಿವಿ ಕತ್ತರಿಸಿ ಇಡ್ರಿ ಅಕ್ಕೋರ. ಕೌದಿಗೇನು ಹಲ್ಲು ಅದಾವೇನು, ಕಡದು ನೋಡಾಕ?" ಅಂದರು. ಅಂದಿನಿಂದ ನಮ್ಮ ಕೌದಿಗಳು ಹಳದಿ ಅರಿವೆಯ ಹೋಳಿಗೆ ಉಂಡು ಅಮೆರಿಕಕ್ಕೆ ಹೋಗುತ್ತಿವೆ. ನಾಯಿ ಸುಮ್ಮನಿದೆ.

ಕಂಪನಿ ಹುಟ್ಟಿಸುವುದು ಸುಲಭ, ಸಾಕುವುದೇ ಕಷ್ಟ. ಕಂಪನಿ ಹುಟ್ಟಿದ ತಿಂಗಳು ಬಂದರೆ ರಾಜ್ಯಕ್ಕೆ ವಾರ್ಷಿಕ ವರದಿ ಕಳಿಸಿ ಫೀ ತುಂಬಬೇಕು. ತುಂಬದಿದ್ದರೆ ರಾಜ್ಯವೇ ಕಂಪನಿಯನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ. ಏಜೆಂಟಿಗೆ ಬೇರೆ, ಅಮೆರಿಕದ ತೆರಿಗೆ ಲೆಕ್ಕ ಬರೆಯುವವರಿಗೆ ಬೇರೆ. ಚಿಗವ್ವ ಇದೆಲ್ಲದರ ಮೇಲೆ ವಾರ್ಷಿಕ ಸಭೆಯನ್ನೂ ನಡೆಸುತ್ತಾಳೆ. ಕಾನೂನು ಕೇಳುವುದಿಲ್ಲ ಅಂದೆ. "ಕಾನೂನು ಕೇಳಲಿಲ್ಲಂದ್ರ ನಾವು ಮಾಡಬಾರದೇನು?" ಅಂದಳು. ಸಭೆ ಸಿಂದಗಿಯಲ್ಲಿ ಆಪಾ ಮಗಳ ಮನೆಯ ಪಡಸಾಲೆಯಲ್ಲಿ. ಚಿಗವ್ವ ಮೊದಲು ಹಾಜರಿ ಕರೆಯುತ್ತಾಳೆ. ಆಪಾ ಕೂತಲ್ಲೇ ನೆಟ್ಟಗಾಗಿ "ಹಾಜರ್ರಿ ಅಕ್ಕೋರ" ಅನ್ನಬೇಕು. ಆಮೇಲೆ ತಿನ್ನಲು ಗಿರ್ಮಿಟ್, ಮಿರ್ಚಿ. ಆಮೇಲೆ ಪಾಲು ಹಂಚುವುದು.

ಈ ವರ್ಷ ಪಾಲೇ ಇರಲಿಲ್ಲ. ಸಾಗಣೆಯ ದರ ಏರಿತ್ತು, ಮಾರಾಟ ಇಳಿದಿತ್ತು. ಫೀಗಳೆಲ್ಲ ಕೂಡಿ ಲಾಭವನ್ನು ನುಂಗಿಹಾಕಿದ್ದವು. ನಾನು ಬಾಗೇವಾಡಿಗೆ ಹೋಗಿ ಲೆಕ್ಕ ಬಿಡಿಸಿ ಹೇಳಿದೆ.

"ಮುಚ್ಚಿಬಿಡೂಣು ಚಿಗವ್ವಾ. ಮುಚ್ಚಾಕೂ ಒಂದು ಫಾರ್ಮ್ ಐತಿ, ಸಲೀಸ."

"ನಿಮ್ಮವ್ವ ನಿನ್ನ ಲಾಭ ನೋಡಿ ಸಾಕಿದ್ಳೇನೋ?" ಅಂದಳು. ಲೆಕ್ಕ ಹಾಕಿದರೆ ನನ್ನನ್ನು ಎಂದೋ ಮುಚ್ಚಬೇಕಿತ್ತು. "ನಾಳಿ ಸಭಾ ಐತಿ, ನೀನೂ ಬಾ" ಅಂದಳು.

ಮರುದಿನ ಸಿಂದಗಿ. ಹಾಜರಿಯಾಯಿತು, ಗಿರ್ಮಿಟ್ ಆಯಿತು. ಚಿಗವ್ವ ಚೀಲದಿಂದ ಒಂದು ಲಕೋಟೆ ತೆಗೆದು ಆಪಾ ಅವರ ಕೈಗಿಟ್ಟಳು. ಅದು ಆಕೆಯ ಪೆನ್ಶನ್ ಹಣ. ಬೇರೆ ಎಲ್ಲಿಂದ ಬರಬೇಕು?

"ಈ ವರ್ಷದ್ದು ನಿನ್ನ ಪಾಲು. ನಾ ಕೊಡಾಕತ್ತಿಲ್ಲ, ವಯೋಮಿಂಗ್ ಸರ್ಕಾರ ಕೊಡಸಾಕತ್ತೈತಿ. ಇಸಗೊಳ್ಳಲಿಲ್ಲಂದ್ರ ದಂಡ ಹಾಕ್ತಾರ."

ಆಪಾ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಣದ ಕಣ್ಣನ್ನು ನಾನು ಕೂತ ದಿಕ್ಕಿಗೆ ಎತ್ತಿದರು. "ಖರೇನಾ ತಮ್ಮಾ? ಲಾಭ ಆಗೈತೇನು?"

ತೆರಿಗೆ ಲೆಕ್ಕ ಬರೆಯುವವ ನಾನು. ಸುಳ್ಳು ಲೆಕ್ಕ ಹೇಳಬಾರದೆಂದು ದಿನಾ ವ್ಯಾಪಾರಿಗಳಿಗೆ ಉಪದೇಶ ಮಾಡುವವ. ಚಿಗವ್ವ ನನ್ನನ್ನೇ ನೋಡುತ್ತಿದ್ದಳು, ಮಗ್ಗಿ ಒಪ್ಪಿಸುವ ಹುಡುಗನನ್ನು ನೋಡುವ ಹಾಗೆ. "ಹೌದ್ರಿ ಆಪಾ. ಚಲೋ ಲಾಭ ಆಗೈತಿ" ಅಂದೆ. ಆಪಾ ಲಕೋಟೆಯನ್ನು ಹಣೆಗೊತ್ತಿಕೊಂಡು ಮಡಿಲಲ್ಲಿಟ್ಟುಕೊಂಡರು.

ಚಿಗವ್ವ ಕೈತೊಳೆಯಲು ಹಿತ್ತಲಿಗೆ ಹೋದಳು. ಆಪಾ ಕೈ ಚಾಚಿ ನನ್ನ ಮೊಣಕೈ ಹುಡುಕಿ ಹಿಡಿದರು. ಹಿಡಿತ ಬಿಗಿಯಿತ್ತು.

"ತಮ್ಮಾ, ಲಾಭ ಆಗಿಲ್ಲಂತ ನನಗ ಗೊತ್ತೈತಿ. ಎಷ್ಟ ಕೌದಿ ಹೋದೂವಂತ ಫೋನಿನ್ಯಾಗ ಆಕೀನಽ ಹೇಳ್ತಾಳ. ನನಗ ಕಣ್ಣಿಲ್ಲ, ಲೆಕ್ಕ ಐತಿ."

ನಾನು ಹಿತ್ತಲಿನ ಬಾಗಿಲ ಕಡೆ ನೋಡಿದೆ.

"ನಾ ಇಸಗೊಳ್ಳಲಿಲ್ಲಂದ್ರ ಆಕಿ ಸೂಜಿ ಕೆಳಗಿಡ್ತಾಳ. ಸಾಲಿ ಬಿಟ್ಟ ಮ್ಯಾಲ ಆಕಿಗೆ ಮತ್ತೇನೈತಿ? ಕಂಪನಿ ಅಂತ ಮುಂಜಾನೆದ್ದು ಕೌದಿ ಹಾಸ್ತಾಳ. ಕಂಪನಿ ಅಂತ ಬಸ್ಸು ಹತ್ತಿ ನನ್ನ ಕಡೆ ಬರ್ತಾಳ. ಕೊಟ್ಟಿದ್ದೆಲ್ಲಾ ಇಟ್ಟೇನಿ, ಆಕಿ ಹೆಸರಿಲೇ. ಒಂದಿನ ಬೇಕಾಗತೈತಿ." ಹಿಡಿತ ಇನ್ನಷ್ಟು ಬಿಗಿಯಾಯಿತು. "ಲೆಕ್ಕದಾವ ನೀನು, ಮುಚ್ಚೂ ಮಾತು ಆಡೇ ಆಡಿರ್ತಿ. ನಾ ಅರ್ಧಾ ಮಾಲಕಿ ಅದೇನಿ. ನನ್ನ ಒಪ್ಪಿಗಿ ಇಲ್ಲ. ಬರಕೋ."

ಹಿತ್ತಲಿನಿಂದ ಚಿಗವ್ವ ಬಂದಳು. ಆಪಾ ನನ್ನ ಕೈ ಬಿಟ್ಟು, "ಅಕ್ಕೋರ, ಮುಂದಿನ ವರ್ಷ ಮಿರ್ಚಿಗೆ ಉಪ್ಪು ಕಮ್ಮಿ ಹಾಕಸ್ರಿ, ಠರಾವು ಮಾಡ್ರಿ" ಅಂದರು.

ಬಸ್ಸಿನಲ್ಲಿ ಚಿಗವ್ವ ಕಿಟಕಿಯ ಕಡೆ ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ, "ಆಪಾ ಏನೋ ಅನ್ನಾಕತ್ತಿದ್ಳಲ್ಲ ನಿನಗ?" ಎಂದು ಕೇಳಿದಳು.

"ಕಂಪನಿ ಮುಚ್ಚಬಾರದಂತ ಠರಾವು ಆತು, ಚಿಗವ್ವಾ."

"ಎಲ್ಲಾರೂ ಒಪ್ಪಿದ್ರು?"

"ಎಲ್ಲಾರೂ."

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು, "ಮತ್ತ ಫೀ ತುಂಬು, ಕುಂತೀ ಏನು?" ಎಂದು ಗದರಿದಳು. ದೇವರ ಹಿಪ್ಪರಗಿ ದಾಟುವ ಮೊದಲೇ ನಾನು ಮೊಬೈಲಿನಲ್ಲಿ ವಯೋಮಿಂಗಿಗೆ ವರದಿ ಕಳಿಸಿ ಫೀ ಕಟ್ಟಿದೆ. ಕಂಪನಿಯ ಖಾತೆಯಿಂದ ಹೋಯಿತು ಎಂದು ಆಕೆಗೆ ಹೇಳಿದೆ.

ಹೋದದ್ದು ನನ್ನ ಖಾತೆಯಿಂದ. ಆಕೆ ನನ್ನ ಮುಖವನ್ನು ಒಮ್ಮೆ ನೋಡಿ, ಚೀಲದಿಂದ ಒಂದು ಶೇಂಗಾ ಹೋಳಿಗೆ ತೆಗೆದು ನನ್ನ ಕೈಗೆ ಕೊಟ್ಟಳು.